ಗುಂಪು ಪ್ರಾಜೆಕ್ಟ್: ಕೆರೆಗಳ ನಕ್ಷೆ ಹೊಂದುತ್ತಿಲ್ಲ, ಗುಂಪೂ ಹೊಂದುತ್ತಿಲ್ಲ. ದಾರಿ ತೋರಿಸಿ

ಪದರ_ಜೋಡಣೆ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಐದು ಜನ ಸೇರಿ ಒಂದು ಜಲಾನಯನ ಪ್ರದೇಶದ ಕೆರೆಗಳಲ್ಲಿ ನೀರಿನ ಹರವು 2018ರಿಂದ 2024ಕ್ಕೆ ಎಷ್ಟು ಬದಲಾಗಿದೆ ಎಂದು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕುತ್ತಿದ್ದೇವೆ. ಸಬ್‌ಮಿಷನ್‌ಗೆ ಉಳಿದಿರುವುದು ಮೂರು ವಾರ.

ಕೆಲಸ ಹೀಗೆ ಹಂಚಿಕೊಂಡಿದ್ದೆವು. ಒಬ್ಬ ಚಿತ್ರಗಳನ್ನು ಇಳಿಸಿಕೊಡುವುದು. ಒಬ್ಬಳು ನೀರಿನ ಸೂಚ್ಯಂಕ ತೆಗೆದು ನೀರು ಯಾವುದು ನೆಲ ಯಾವುದು ಅಂತ ಬೇರ್ಪಡಿಸುವುದು. ಇಬ್ಬರು ಉತ್ತರ, ದಕ್ಷಿಣ ಅಂತ ಭಾಗ ಮಾಡಿಕೊಂಡು ಕೆರೆಗಳ ಅಂಚನ್ನು ಕೈಯಲ್ಲಿ ಡಿಜಿಟೈಸ್ ಮಾಡುವುದು, ಫೀಲ್ಡ್‌ಗೂ ಹೋಗಿಬರುವುದು. ಎಲ್ಲವನ್ನೂ ಕೂಡಿಸಿ ನಕ್ಷೆ ಮಾಡಿ ವರದಿ ಬರೆಯುವುದು ನನ್ನ ಪಾಲಿಗೆ. ಆಗ ಇದು ಒಳ್ಳೆಯ ಹಂಚಿಕೆ ಅಂತಲೇ ಅನ್ನಿಸಿತ್ತು.

ಈಗ ಎಲ್ಲರ ಫೈಲೂ ನನ್ನ ಹತ್ತಿರ ಬಂದಿದೆ. ಒಂದು ಪದರ, ಅಂದರೆ ಲೇಯರ್, ತೆರೆದರೆ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಉತ್ತರ ದಕ್ಷಿಣ ಸೇರುವ ಕಡೆ ಪಾಲಿಗನ್‌ಗಳು (ಕೆರೆಯ ಅಂಚು ಎಳೆದ ಆಕೃತಿಗಳು) ಒಂದರ ಮೇಲೊಂದು ಹತ್ತಿ ಕೂತಿವೆ. ಒಂದೇ ಕೆರೆಗೆ ನನ್ನ ಲ್ಯಾಪ್‌ಟಾಪ್ ಒಂದು ವಿಸ್ತೀರ್ಣ ಕೊಟ್ಟರೆ ಗೆಳತಿಯದು ಇನ್ನೊಂದು ಕೊಡುತ್ತದೆ. ಹಂಚಿಕೊಂಡ ಫೋಲ್ಡರ್‌ನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು 2’ ಅಂತ ಮೂರು ಇವೆ, ಯಾವುದು ಕೊನೆಯದು ಅಂತ ಮಾಡಿದವರಿಗೂ ನೆನಪಿಲ್ಲ. ನಾಲ್ಕು ದಿನದಿಂದ ರಾತ್ರಿ ಎರಡರವರೆಗೆ ಕೂತು ನಾನೊಬ್ಬಳೇ ಸರಿಪಡಿಸುತ್ತಿದ್ದೇನೆ. ಕೇಳಿದರೆ ‘ನನ್ನ ಪಾಲು ಮುಗಿಸಿ ಕೊಟ್ಟಿದ್ದೇನಲ್ಲ’ ಅನ್ನುತ್ತಾರೆ. ದಕ್ಷಿಣ ಭಾಗ ಮಾಡಿದವನಂತೂ ಹೇಳದೆ ಕೇಳದೆ ಬೇರೆ ತಿಂಗಳ ಚಿತ್ರ ಬಳಸಿದ್ದಾನೆ.

ಗೈಡ್ ಹತ್ತಿರ ಹೋಗಿ ಹೇಳಲೇ? ಗೆಳೆಯರ ಮೇಲೆ ದೂರು ಕೊಟ್ಟ ಹಾಗಾಗುತ್ತದೆ ಅಂತ ಮನಸ್ಸು ಒಪ್ಪುತ್ತಿಲ್ಲ. ಫೈಲ್‌ಗಳ ಬಗ್ಗೆಯೂ ಹೇಳಿ, ಜನರ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನೂ ಹೇಳಿ.

ನಕ್ಷೆ_ಕೆಲಸ

ಮೊದಲು ಫೈಲ್‌ಗಳನ್ನು ನೋಡಿಬಿಡೋಣ.

ಕಾಣದ ಪದರದ ಪ್ರಾಪರ್ಟೀಸ್ ತೆರೆದು ಅದರ ಎಕ್ಸ್‌ಟೆಂಟ್, ಅಂದರೆ ನಾಲ್ಕು ಅಂಚುಗಳ ಅಂಕಿ, ಓದಿ. ಅಂಕಿಗಳೆಲ್ಲ 180ರ ಒಳಗಿದ್ದು, ಪ್ರೊಜೆಕ್ಷನ್ (ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮ) ಮಾತ್ರ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಅಂತ ತೋರಿಸುತ್ತಿದ್ದರೆ ಯಾರೋ ‘ಅಸೈನ್ ಪ್ರೊಜೆಕ್ಷನ್’ ಒತ್ತಿದ್ದಾರೆ. ಒತ್ತಬೇಕಿದ್ದದ್ದು ‘ರೀಪ್ರೊಜೆಕ್ಟ್ ಲೇಯರ್’. ಮೊದಲನೆಯದು ಹಣೆಪಟ್ಟಿ ಬದಲಿಸುತ್ತದೆ ಅಷ್ಟೇ, ಎರಡನೆಯದು ಅಂಕಿಗಳನ್ನೇ ಪರಿವರ್ತಿಸುತ್ತದೆ. ಡಿಗ್ರಿಯ ಅಂಕಿಗಳಿಗೆ ಮೀಟರ್ ಅಂತ ಪಟ್ಟಿ ಹಚ್ಚಿದಾಗ ಅರ್ಧ ಡಿಗ್ರಿ ಅಗಲದ ಇಡೀ ಪ್ರದೇಶ ಅರ್ಧ ಮೀಟರ್‌ನ ಚುಕ್ಕೆಯಾಗಿ ಸಮಭಾಜಕದ ಹತ್ತಿರ ಹೋಗಿ ಕೂರುತ್ತದೆ. ಪದರ ಕಳೆದುಹೋಗಿಲ್ಲ, ಅಲ್ಲಿದೆ. ಮತ್ತೆ ಇಪಿಎಸ್‌ಜಿ 4326 (ಡಿಗ್ರಿಯಲ್ಲಿ ಅಕ್ಷಾಂಶ, ರೇಖಾಂಶ ಕೊಡುವ ಕ್ರಮದ ಸಂಖ್ಯೆ) ಅಂತ ಅಸೈನ್ ಮಾಡಿ, ಆಮೇಲೆ ಯುಟಿಎಂಗೆ ರೀಪ್ರೊಜೆಕ್ಟ್ ಮಾಡಿ.

ವಿಸ್ತೀರ್ಣದ ವ್ಯತ್ಯಾಸವೂ ಇದಕ್ಕೆ ಹತ್ತಿರದ್ದೇ. ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಎರಡು ಬಗೆಯ ‘ಏರಿಯಾ’ ಇವೆ. ಡಾಲರ್ ಚಿಹ್ನೆಯಿಂದ ಶುರುವಾಗುವುದು ಪ್ರಾಜೆಕ್ಟ್‌ನಲ್ಲಿ ಆರಿಸಿದ ಎಲಿಪ್ಸಾಯಿಡ್ ಮೇಲೆ, ಅಂದರೆ ಭೂಮಿಯ ಬಾಗನ್ನು ಲೆಕ್ಕಕ್ಕೆ ಹಿಡಿದು ಅಳೆಯುತ್ತದೆ. ಇನ್ನೊಂದು, ಜ್ಯಾಮಿತಿಯನ್ನು ಆವರಣದೊಳಗೆ ಕೊಡುವಂಥದ್ದು, ಪದರದ ಪ್ರೊಜೆಕ್ಷನ್‌ನಲ್ಲಿ ಚಪ್ಪಟೆ ಕಾಗದದ ಮೇಲೆ ಅಳೆದ ಹಾಗೆ ಅಳೆಯುತ್ತದೆ. ಪದರ ಆನ್‌ಲೈನ್ ನಕ್ಷೆಗಳ ಪ್ರೊಜೆಕ್ಷನ್ ಆದ ವೆಬ್ ಮರ್ಕೇಟರ್‌ನಲ್ಲಿದ್ದರೆ, ಅಂದರೆ ಇಪಿಎಸ್‌ಜಿ 3857, ಎರಡನೆಯ ಅಳತೆ ನೆಚ್ಚಿಕೊಳ್ಳುವಂಥದ್ದಲ್ಲ. ಸಮಭಾಜಕದ ಬಳಿ ಹೆಚ್ಚುಕಡಿಮೆ ಸರಿ ಇರುತ್ತದೆ, 30 ಡಿಗ್ರಿ ಅಕ್ಷಾಂಶದಲ್ಲಿ ಮೂರನೇ ಒಂದು ಪಾಲು ಹೆಚ್ಚು ತೋರಿಸುತ್ತದೆ, 60 ಡಿಗ್ರಿಯಲ್ಲಿ ನಾಲ್ಕು ಪಟ್ಟು. ನಿಮ್ಮ ಗೆಳತಿ ಯಾವುದನ್ನು ಬಳಸಿದ್ದಾರೆ ಕೇಳಿ.

ಶೇಪ್‌ಫೈಲ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಜಿಯೋಪ್ಯಾಕೇಜ್‌ಗೆ ಬನ್ನಿ, ಎರಡೂ ಪದರ ಉಳಿಸುವ ಫೈಲ್ ಬಗೆಗಳೇ. ಶೇಪ್‌ಫೈಲ್ ಅನ್ನುವುದು ಒಂದು ಫೈಲ್ ಅಲ್ಲ, ಮೂರು ನಾಲ್ಕು ಫೈಲ್‌ಗಳ ಕಟ್ಟು. ಕಟ್ಟಿನಲ್ಲಿ ಪ್ರೊಜೆಕ್ಷನ್ ಬರೆದಿರುವ ಪಿಆರ್‌ಜೆ ಫೈಲ್ ಬಿಟ್ಟು ಕಳಿಸಿದರೆ ಪ್ರೊಜೆಕ್ಷನ್ ಯಾವುದೆಂದು ತೆರೆದವರು ಊಹಿಸಬೇಕು. ಕಾಲಂ ಹೆಸರು 10 ಅಕ್ಷರಕ್ಕಿಂತ ಉದ್ದವಿದ್ದರೆ ಕತ್ತರಿಸುತ್ತದೆ. ಇಸವಿಯನ್ನು ಹೆಸರಿನ ಕೊನೆಯಲ್ಲಿ ಬರೆಯುವುದು ಎಲ್ಲರ ಅಭ್ಯಾಸ, ಹಾಗಾಗಿ ಕತ್ತರಿಸಿ ಹೋಗುವುದೂ ಇಸವಿಯೇ. 2018ರ ಕಾಲಂ ಯಾವುದು, 2024ರದು ಯಾವುದು ಅಂತ ತಿಳಿಯದೆ ಜನ ಗಂಟೆಗಟ್ಟಲೆ ಕೂತದ್ದನ್ನು ನೋಡಿದ್ದೇನೆ.

ಜಿಯೋಪ್ಯಾಕೇಜ್‌ಗೆ ಬಂದ ಮೇಲೂ ಒಂದು ಎಚ್ಚರ. ಅದರ ಒಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್. ಆನ್‌ಲೈನ್‌ನಲ್ಲಿ ಸಿಂಕ್ ಆಗುವ ಫೋಲ್ಡರ್‌ನೊಳಗೆ ಇಟ್ಟು ಇಬ್ಬರು ಒಟ್ಟಿಗೆ ತೆರೆದು ತಿದ್ದಿದರೆ ಕೆಟ್ಟುಹೋಗುತ್ತದೆ. ಪ್ರತಿಯೊಬ್ಬರಿಗೂ ಸ್ವಂತ ಫೈಲ್ ಇರಲಿ, ಕೂಡಿಸುವುದು ಒಂದು ಗೊತ್ತಾದ ದಿನ ಒಬ್ಬರ ಯಂತ್ರದಲ್ಲಿ ಆಗಲಿ.

ಹಳೆಯ_ಸರ್ವೇಯರ್

ತಂಗೀ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಗುಂಪಿನಲ್ಲಿ ಸೋಮಾರಿ ಯಾರೂ ಇದ್ದಂತೆ ನನಗೆ ಕಾಣಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಮಾಡಿದ್ದಾರೆ. ಕೆಲಸ ಕೈ ಬದಲಾಯಿಸುವಾಗ ಹೇಳಬೇಕಾದದ್ದನ್ನು ಹೇಳಿಲ್ಲ, ಕೇಳಬೇಕಾದದ್ದನ್ನು ಕೇಳಿಲ್ಲ.

ರೈನ್ ನದಿಯ ಮೇಲೆ ಲೌಫೆನ್‌ಬುರ್ಗ್ ಎಂಬಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್ ಎರಡೂ ದಡದಿಂದ ಸೇತುವೆ ಕಟ್ಟಿಕೊಂಡು ಬಂದವು. ಜರ್ಮನರ ಎತ್ತರದ ಲೆಕ್ಕ ಉತ್ತರ ಸಮುದ್ರದ ಮಟ್ಟದಿಂದ, ಸ್ವಿಸ್ ಲೆಕ್ಕ ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ. ಎರಡರ ನಡುವೆ 27 ಸೆಂಟಿಮೀಟರ್ ವ್ಯತ್ಯಾಸವಿದೆ ಎಂಬುದು ಅವರಿಗೆ ಗೊತ್ತಿತ್ತು. ತಿದ್ದುಪಡಿಯನ್ನೂ ಹಾಕಿದರು. ಆದರೆ ಕೂಡುವ ಕಡೆ ಕಳೆದರೋ, ಕಳೆಯುವ ಕಡೆ ಕೂಡಿದರೋ, ಚಿಹ್ನೆ ತಿರುಗಿಹೋಗಿ ವ್ಯತ್ಯಾಸ 54 ಸೆಂಟಿಮೀಟರ್ ಆಯಿತು. 2003ರಲ್ಲಿ ಅದು ಪತ್ತೆಯಾಗಿ ಒಂದು ದಡದ ಕೆಲಸ ತಿದ್ದಬೇಕಾಯಿತು. ಎರಡೂ ಕಡೆ ನುರಿತ ಎಂಜಿನಿಯರುಗಳೇ ಇದ್ದರು, ನೋಡಿ.

ನಾವು ತಂಡವಾಗಿ ಅಳತೆಗೆ ಹೊರಡುವ ಮುಂಚೆ ಒಂದು ಹಾಳೆ ಬರೆಯುತ್ತಿದ್ದೆವು. ಯಾವ ಡೇಟಂ (ಅಳತೆಗೆ ಹಿಡಿಯುವ ಆಧಾರ), ಯಾವ ಪ್ರೊಜೆಕ್ಷನ್, ಯಾವ ಏಕಮಾನ, ಯಾವ ಗುರುತಿಗೆ ಯಾವ ಸಂಕೇತ, ದಿನದ ಕೊನೆಗೆ ಯಾರ ಪುಸ್ತಕವನ್ನು ಯಾರು ತಾಳೆ ನೋಡಬೇಕು. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ನಮ್ಮ ಪುಸ್ತಕವನ್ನು ನಾವೇ ತಾಳೆ ನೋಡುವ ಪದ್ಧತಿ ಇರಲಿಲ್ಲ. ಮೂರು ವಾರ ಇದೆ ಅಂದಿರಿ. ಆ ಹಾಳೆಯನ್ನು ಈಗ ಬರೆದರೂ ತಡವಲ್ಲ.

ಪಾಠ_ಹೇಳುವಾಕೆ

ಇಂಥ ಪ್ರಾಜೆಕ್ಟ್‌ಗಳಿಗೆ ನಾನೇ ಗೈಡ್ ಆಗಿರುತ್ತೇನೆ, ಹಾಗಾಗಿ ಆ ಕಡೆಯಿಂದ ಎರಡು ಮಾತು.

ಗೈಡ್ ಹತ್ತಿರ ಖಂಡಿತ ಹೋಗಿ. ಒಬ್ಬರೇ ಹೋಗಬೇಡಿ, ಐವರೂ ಹೋಗಿ. ‘ಅವನು ಹೀಗೆ ಮಾಡಿದ’ ಅಂತ ಶುರು ಮಾಡಿದರೆ ಗೈಡ್ ನ್ಯಾಯ ತೀರ್ಮಾನಕ್ಕೆ ಕೂರಬೇಕಾಗುತ್ತದೆ. ‘ಈ ಎರಡು ಭಾಗ ಇಲ್ಲಿ ಸೇರುತ್ತಿಲ್ಲ, ಕಾರಣ ಹುಡುಕುತ್ತಿದ್ದೇವೆ’ ಅಂತ ನಕ್ಷೆಯನ್ನೇ ಮೇಜಿನ ಮೇಲೆ ಇಟ್ಟರೆ ಎಲ್ಲರೂ ನಕ್ಷೆಯನ್ನು ನೋಡುತ್ತಾರೆ, ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಕೂರುವುದು ತಪ್ಪುತ್ತದೆ.

ಇನ್ನು ನಿಮ್ಮ ಹಂಚಿಕೆ. ಬಹಳಷ್ಟು ಗುಂಪುಗಳು ಹೀಗೇ ಮಾಡುತ್ತವೆ: ಒಂದೊಂದು ಹಂತ ಒಬ್ಬೊಬ್ಬರಿಗೆ. ಅದರ ಫಲ ಏನೆಂದರೆ ಮೊದಲ ಹಂತದವರು ತಿಂಗಳ ಮೊದಲೇ ಮುಗಿಸಿ ಹಗುರಾಗುತ್ತಾರೆ, ಹಿಂದಿನ ಎಲ್ಲ ಹಂತಗಳ ತಪ್ಪೂ ಕೊನೆಯವರ ತಲೆ ಮೇಲೆ ಬರುತ್ತದೆ. ನಿಮ್ಮ ರಾತ್ರಿ ಎರಡು ಗಂಟೆಗೆ ಇದೇ ಕಾರಣ. ವೈವಾದಲ್ಲಿ ನಾನು ಚಿತ್ರ ಇಳಿಸಿದವರನ್ನು ನಿಖರತೆಯ ಬಗ್ಗೆ ಕೇಳುತ್ತೇನೆ, ವರದಿ ಬರೆದವರನ್ನು ಮೋಡದ ಬಗ್ಗೆ ಕೇಳುತ್ತೇನೆ. ಆಗ ಮೌನ.

ಪ್ರದೇಶವನ್ನು ಐದು ತುಂಡು ಮಾಡಿ, ಪ್ರತಿಯೊಬ್ಬರೂ ತಮ್ಮ ತುಂಡಿನಲ್ಲಿ ಮೊದಲಿನಿಂದ ಕೊನೆಯವರೆಗೂ ಕೆಲಸ ಮಾಡಿ. ತುಂಡುಗಳು ಅಂಚಿನಲ್ಲಿ ಸ್ವಲ್ಪ ಒಂದರ ಮೇಲೊಂದು ಬರುವಂತೆ ಬಿಡಿ. ಆ ಪಟ್ಟಿಯಲ್ಲಿ ಇಬ್ಬರು ಎಳೆದ ಗೆರೆ ಎಷ್ಟು ಹೊಂದುತ್ತದೆ ನೋಡಿದರೆ ನಿಮ್ಮ ಕೆಲಸ ಎಷ್ಟು ನಂಬಬಹುದು ಅಂತ ನಿಮಗೇ ತಿಳಿಯುತ್ತದೆ. ಹೊಂದದೇ ಇದ್ದರೆ ಗಾಬರಿ ಬೇಡ, ಎಷ್ಟು ಹೊಂದಲಿಲ್ಲ ಅಂತ ವರದಿಯಲ್ಲಿ ಬರೆಯಿರಿ. ಪ್ರಾಮಾಣಿಕವಾಗಿ ಬರೆದ ಅಂಥ ಒಂದು ಪುಟಕ್ಕೆ ನಾನು ಬಣ್ಣದ ನಕ್ಷೆಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಫೀಲ್ಡ್_ನೋಟ್ಸ್

ನಾನೂ ವಿದ್ಯಾರ್ಥಿಯೇ, ಕಳೆದ ವರ್ಷ ನಮ್ಮ ಗುಂಪಿನಲ್ಲಿ ಫೀಲ್ಡ್ ಕೆಲಸ ಪೂರ್ತಿ ನನ್ನದಾಗಿತ್ತು. ಆರು ದಿನ ಬಿಸಿಲಲ್ಲಿ ತಿರುಗಿ ಪಾಯಿಂಟ್ ತಂದೆ. ವರ್ಗೀಕರಣದ ಜೊತೆ ತಾಳೆ ನೋಡಿದಾಗ ನಾನು ‘ನೀರು’ ಅಂತ ಗುರುತಿಸಿದ ಎಷ್ಟೋ ಪಾಯಿಂಟ್ ನೆಲದ ಪಿಕ್ಸೆಲ್ ಮೇಲೆ ಬಿದ್ದವು. ‘ಫೀಲ್ಡ್ ಡೇಟಾ ಸರಿ ಇಲ್ಲ’ ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ಆ ಸಾಲು ಇನ್ನೂ ನೋಯುತ್ತದೆ.

ಆಮೇಲೆ ಯೋಚಿಸಿದಾಗ ಅರ್ಥವಾಯಿತು. ನೀರಿನೊಳಗೆ ಇಳಿಯಲು ಆಗುವುದಿಲ್ಲ, ದಡದಲ್ಲಿ ನಿಂತು ಒತ್ತುತ್ತೇವೆ. ಫೋನಿನ ಜಿಪಿಎಸ್ ತೆರೆದ ಬಯಲಿನಲ್ಲೂ ಐದು ಮೀಟರ್ ಆಚೀಚೆ ಹೋಗುತ್ತದೆ. ಚಿತ್ರದ ಪಿಕ್ಸೆಲ್ 10 ಮೀಟರ್, ಅದರಲ್ಲೂ ದಡದ ಪಿಕ್ಸೆಲ್ ಅರ್ಧ ನೀರು ಅರ್ಧ ಮಣ್ಣು. ಪಾಯಿಂಟ್ ನೆಲಕ್ಕೆ ಬೀಳದೆ ಇನ್ನೇನಾಗುತ್ತದೆ? ನಿಂತ ಜಾಗ, ನೋಡಿದ ದಿಕ್ಕು, ಅಂದಾಜು ದೂರ, ಒಂದು ಫೋಟೊ, ಇಷ್ಟನ್ನು ದಾಖಲಿಸಿ ಪಾಯಿಂಟ್ ಅನ್ನು ಆಮೇಲೆ ನೀರಿನೊಳಕ್ಕೆ ಎರಡು ಮೂರು ಪಿಕ್ಸೆಲ್ ಸರಿಸಬೇಕಿತ್ತು. ನನಗೆ ಪಿಕ್ಸೆಲ್ ಗಾತ್ರ ಯಾರೂ ಹೇಳಿರಲಿಲ್ಲ. ನಾನು ದಡದಲ್ಲಿ ನಿಂತೆ ಅಂತ ಕಂಪ್ಯೂಟರ್ ಮುಂದೆ ಕೂತವರಿಗೆ ನಾನೂ ಹೇಳಿರಲಿಲ್ಲ.

ಪದರ_ಜೋಡಣೆ ಅವರೇ, ನಿಮ್ಮಲ್ಲಿ ಎಲ್ಲರೂ ಒಂದು ದಿನವಾದರೂ ಫೀಲ್ಡ್‌ಗೆ ಹೋಗಿಬನ್ನಿ. ವರದಿಯಲ್ಲಿ ಯಾರು ಏನು ಮಾಡಿದರು ಅಂತ ಬರೆಯುವಾಗ ‘ಡೇಟಾ ಸಂಗ್ರಹ’ ಅಂತ ಎರಡೇ ಪದದಲ್ಲಿ ಮುಗಿಸಬೇಡಿ.

ಪದರ_ಜೋಡಣೆ

ಎಲ್ಲರಿಗೂ ಧನ್ಯವಾದ. ಕಾಣದ ಪದರ ಸಿಕ್ಕಿತು, ಅಸೈನ್ ಪ್ರೊಜೆಕ್ಷನ್ನೇ ಕಾರಣ. ಅದನ್ನು ಒತ್ತಿದ್ದು ನಾನೇ, ನೋಡಿಕೊಂಡಾಗ ಗೊತ್ತಾಯಿತು. ನಾಲ್ಕು ದಿನ ಬೇರೆಯವರ ಮೇಲೆ ಸಿಟ್ಟು ಮಾಡಿಕೊಂಡಿದ್ದಕ್ಕೆ ಬೇಸರವಾಗುತ್ತಿದೆ. ಈ ಚರ್ಚೆಯ ಕೊಂಡಿಯನ್ನು ಗುಂಪಿನವರಿಗೂ ಕಳಿಸಿದ್ದೇನೆ.

ಇನ್ನೊಂದು ವಿಷಯ. ಸೂಚ್ಯಂಕದ ಪ್ರಕಾರ ನೀರಿನ ಹರವು 2024ರಲ್ಲಿ ತುಂಬಾ ಕಡಿಮೆಯಾಗಿದೆ. ಕೈಯಲ್ಲಿ ಎಳೆದ ಅಂಚು ನೋಡಿದರೆ ಅಷ್ಟು ಕುಗ್ಗಿದಂತಿಲ್ಲ. ಯಾವುದನ್ನು ನಂಬಲಿ?

ದಕ್ಷಿಣ_ಭಾಗ

ಬೇರೆ ತಿಂಗಳ ಚಿತ್ರ ಬಳಸಿದವನು ನಾನೇ. ಓದಿ ಮೊದಲು ಕೋಪ ಬಂತು, ಹಾಗಾಗಿ ಒಂದು ದಿನ ಬಿಟ್ಟು ಬರೆಯುತ್ತಿದ್ದೇನೆ.

ನನಗೆ ಕೊಟ್ಟ ಮಾರ್ಚ್ ಚಿತ್ರದಲ್ಲಿ ದಕ್ಷಿಣದ ಮೂಲೆಗೆ ಮೋಡ ಕವಿದಿತ್ತು. ಮೋಡವಾದರೂ ಬೆಳ್ಳಗೆ ಕಾಣುತ್ತದೆ, ಅದರ ನೆರಳು ಕಪ್ಪಗೆ ಬಿದ್ದು ನೀರಿನ ಹಾಗೇ ಕಾಣುತ್ತದೆ. ಎರಡು ಕಡೆ ಕೆರೆಯೇ ಇಲ್ಲದ ಜಾಗದಲ್ಲಿ ಕೆರೆ ಎಳೆದುಬಿಟ್ಟಿದ್ದೆ, ಫೀಲ್ಡ್‌ಗೆ ಹೋದಾಗ ಅಲ್ಲಿ ಹೊಲ ಇತ್ತು. ಅದಕ್ಕೇ ಜನವರಿಯ ಚಿತ್ರ ತೆಗೆದುಕೊಂಡೆ. ಗುಂಪಿನಲ್ಲಿ ಮೆಸೇಜ್ ಹಾಕಿದ್ದೆ, ಅವತ್ತು ಪರೀಕ್ಷೆಯ ವೇಳಾಪಟ್ಟಿ ಬಂದು ಅದರಡಿ ಮುಚ್ಚಿಹೋಯಿತು. ನೀನು ನೋಡಿಲ್ಲ ಅಂತ ನನಗೆ ಗೊತ್ತಿರಲಿಲ್ಲ, ನಾನು ಮತ್ತೆ ಹೇಳಲೂ ಇಲ್ಲ. ಫೈಲ್‌ನಲ್ಲಿ ಒಂದು ದಿನಾಂಕದ ಕಾಲಂ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ. ಜನವರಿಯಲ್ಲಿ ನೀರು ಹೆಚ್ಚಿರುತ್ತದೆ ಅನ್ನುವುದನ್ನು ನಾನು ಯೋಚಿಸಲಿಲ್ಲ, ಅದು ನನ್ನ ತಪ್ಪು.

ನಕ್ಷೆ_ಕೆಲಸ

ನೀವು ಬಂದು ಬರೆದದ್ದು ಒಳ್ಳೆಯದಾಯಿತು. ಸೆಂಟಿನೆಲ್-2 ಜೋಡಿ ಉಪಗ್ರಹ ಒಂದೇ ಜಾಗವನ್ನು ಐದು ದಿನಕ್ಕೊಮ್ಮೆ ನೋಡುತ್ತದೆ. ಮಾರ್ಚ್‌ನಲ್ಲೇ ಇನ್ನೊಂದು ದಿನದ ಚಿತ್ರ ಮೋಡವಿಲ್ಲದೆ ಸಿಗಬಹುದು, ಮೊದಲು ಅದನ್ನು ಹುಡುಕಿ. ಎಲ್2ಎ (ವಾತಾವರಣದ ಪ್ರಭಾವ ತಿದ್ದಿದ) ಚಿತ್ರದ ಜೊತೆ ಪ್ರತಿ ಪಿಕ್ಸೆಲ್ ಏನೆಂದು ಅಂಕಿಯಲ್ಲಿ ಹೇಳುವ ಎಸ್‌ಸಿಎಲ್ ಎಂಬ ಪದರ ಬರುತ್ತದೆ. ಅದರಲ್ಲಿ 3 ಅಂದರೆ ಮೋಡದ ನೆರಳು, 8 ಮತ್ತು 9 ಅಂದರೆ ಮೋಡ. ಆ ಪಿಕ್ಸೆಲ್‌ಗಳನ್ನು ಮೊದಲೇ ತೆಗೆದುಹಾಕಿ.

ಇನ್ನು ಆ ಕುಗ್ಗಿದ ನೀರು. ಇದನ್ನು ಗಮನವಿಟ್ಟು ಓದಿ, ನಿಮ್ಮ ಇಡೀ ಫಲಿತಾಂಶ ಇದರ ಮೇಲೆ ನಿಂತಿರಬಹುದು.

2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಸಂಸ್ಕರಣೆಯ ಆವೃತ್ತಿ 04.00ಕ್ಕೆ ಬದಲಾಯಿತು. ಅಲ್ಲಿಂದ ಮುಂದೆ ಪಿಕ್ಸೆಲ್ ಮೌಲ್ಯಗಳಿಗೆಲ್ಲ 1000 ಕೂಡಿಸಿ ಕೊಡುತ್ತಾರೆ. ಬಳಸುವವರು ಮೊದಲು 1000 ಕಳೆದು ಆಮೇಲೆ 10,000ದಿಂದ ಭಾಗಿಸಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ. ಒಂದು ನೀರಿನ ಪಿಕ್ಸೆಲ್‌ನಲ್ಲಿ ಹಸಿರು 800, ಸಮೀಪ ಅವಗೆಂಪು (ಕಣ್ಣಿಗೆ ಕಾಣದ ಬೆಳಕು) 400 ಇದೆ ಅನ್ನಿ. ನೀರಿನ ಸೂಚ್ಯಂಕ ಅಂದರೆ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸುವುದು: 400 ಭಾಗ 1200, ಉತ್ತರ 0.33. ಅದೇ ಪಿಕ್ಸೆಲ್ ಹೊಸ ಆವೃತ್ತಿಯಲ್ಲಿ 1800, 1400 ಅಂತ ಬರುತ್ತದೆ. ವ್ಯತ್ಯಾಸ ಅದೇ 400, ಮೊತ್ತ ಮಾತ್ರ 3200. ಉತ್ತರ 0.13. ನೀರು ಅದೇ, ಅಂಕಿ ಅರ್ಧಕ್ಕಿಂತ ಕೆಳಗೆ.

ನಿಮ್ಮ ಮಿತಿ, ಅಂದರೆ ಸೂಚ್ಯಂಕ ಎಷ್ಟಕ್ಕಿಂತ ಹೆಚ್ಚಿದ್ದರೆ ನೀರು ಅನ್ನುತ್ತೀರೋ ಆ ಅಂಕಿ, ಸೊನ್ನೆ ಆಗಿದ್ದರೆ ತೊಂದರೆ ಇಲ್ಲ, ಯಾಕೆಂದರೆ ಚಿಹ್ನೆ ಬದಲಾಗುವುದಿಲ್ಲ. 2018ರ ಚಿತ್ರ ನೋಡಿ 0.2 ಅಂತ ಮಿತಿ ಇಟ್ಟು ಅದನ್ನೇ 2024ಕ್ಕೂ ಹಾಕಿದ್ದರೆ, ಇರುವ ನೀರೇ ಲೆಕ್ಕದಿಂದ ಬಿದ್ದುಹೋಗಿರುತ್ತದೆ.

ಚಿತ್ರದ ತಾರೀಖು ನೋಡಿ ತೀರ್ಮಾನಿಸಬೇಡಿ, ಹಳೆಯ ಚಿತ್ರಗಳನ್ನೂ ಹೊಸ ಆವೃತ್ತಿಯಲ್ಲಿ ಮರುಸಂಸ್ಕರಿಸಿ ಬಿಟ್ಟಿದ್ದಾರೆ. ಫೈಲ್ ಹೆಸರಿನ ಮಧ್ಯೆ ‘ಎನ್’ ಅಕ್ಷರ ಆದ ಕೂಡಲೇ ನಾಲ್ಕು ಅಂಕಿ ಇರುತ್ತವೆ. 0400 ಅಥವಾ ಹೆಚ್ಚಿದ್ದರೆ 1000 ಕಳೆಯಬೇಕು. ಕೆಲವು ವೇದಿಕೆಗಳು ತಾವೇ ಕಳೆದು ಕೊಡುತ್ತವೆ, ಹಾಗಾಗಿ ಚಿತ್ರ ಎಲ್ಲಿಂದ ಇಳಿಸಿದ್ದು ಅನ್ನುವುದೂ ಬೇಕು.

ಹಳೆಯ_ಸರ್ವೇಯರ್

ಚಿತ್ರ ಇಳಿಸಿದ ಹುಡುಗನಿಗೆ ಫೈಲಿನ ಹೆಸರು ಗೊತ್ತು, ಮಿತಿ ಎಷ್ಟಿಟ್ಟರು ಗೊತ್ತಿಲ್ಲ. ಮಿತಿ ಇಟ್ಟ ಹುಡುಗಿಗೆ ಆ ಹೆಸರಿನಲ್ಲಿ ಏನಿತ್ತು ಅಂತ ಗೊತ್ತಿಲ್ಲ. ಇಬ್ಬರೂ ಒಂದು ಗಂಟೆ ಅಕ್ಕಪಕ್ಕ ಕೂತಿದ್ದರೆ ಸಾಕಿತ್ತು.

ಪದರ_ಜೋಡಣೆ

ಐದು ದಿನದ ನಂತರ ಬರೆಯುತ್ತಿದ್ದೇನೆ. ಮಿತಿ 0.2 ಆಗಿತ್ತು. 2018ರ ಚಿತ್ರ ಹಳೆಯ ಆವೃತ್ತಿ, 2024ರದು ಹೊಸದು, 1000 ಕಳೆದಿರಲಿಲ್ಲ. ಕಳೆದು ಮತ್ತೆ ಮಾಡಿದಾಗ ‘ಕುಗ್ಗಿದ’ ನೀರಿನಲ್ಲಿ ಬಹುಪಾಲು ವಾಪಸ್ ಬಂತು. ಕುಗ್ಗಿರುವುದು ನಿಜ, ಆದರೆ ನಾವು ಮೊದಲು ಬರೆಯಲು ಹೊರಟಿದ್ದಷ್ಟು ಅಲ್ಲವೇ ಅಲ್ಲ. ಆ ತಪ್ಪು ಅಂಕಿಯ ಮೇಲೆ ನಾನು ಆಗಲೇ ಎರಡು ಪುಟ ಬರೆದಿದ್ದೆ, ಅಳಿಸಿದೆ.

ಭಾನುವಾರ ಐವರೂ ಒಂದೇ ಕೋಣೆಯಲ್ಲಿ ಕೂತೆವು. ಮೊದಲ ಅರ್ಧ ಗಂಟೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಹಾಳೆ ಬರೆಯಲು ಶುರು ಮಾಡಿದ ಮೇಲೆ ಸಲೀಸಾಯಿತು. ಪ್ರೊಜೆಕ್ಷನ್ ಒಂದೇ, ನಮ್ಮ ಪ್ರದೇಶ ಬೀಳುವ ಯುಟಿಎಂ ವಲಯ. ಪ್ರತಿ ಪಾಲಿಗನ್‌ಗೂ ಚಿತ್ರದ ದಿನಾಂಕ, ಎಳೆದವರ ಹೆಸರು. ‘ಫೈನಲ್’ ಅನ್ನುವ ಪದವನ್ನು ಫೈಲ್ ಹೆಸರಿನಲ್ಲಿ ಬಳಸುವ ಹಾಗಿಲ್ಲ, ದಿನಾಂಕ ಮಾತ್ರ.

ಆಮೇಲೆ ಉತ್ತರದವಳೂ ದಕ್ಷಿಣದವನೂ ಒಬ್ಬರದನ್ನೊಬ್ಬರು ನೋಡದೆ ಅದೇ 40 ಜಾಗಗಳನ್ನು ನೀರು ಅಥವಾ ನೆಲ ಅಂತ ಗುರುತಿಸಿದರು. 31 ಕಡೆ ಹೊಂದಿತು. ಉಳಿದ ಒಂಬತ್ತೂ ಜೊಂಡು ಬೆಳೆದ ಜಾಗಗಳು. ಅವಳು ಜೊಂಡಿನ ಕೆಳಗೆ ನೀರಿದೆ ಅಂತ ಕೆರೆಗೆ ಸೇರಿಸುತ್ತಿದ್ದಳು, ಇವನು ಹಸಿರು ಕಂಡರೆ ಬಿಟ್ಟುಬಿಡುತ್ತಿದ್ದ. ಪಾಲಿಗನ್‌ಗಳು ಒಂದರ ಮೇಲೊಂದು ಹತ್ತಿದ್ದರ ಗುಟ್ಟು ಅದು. ಅರ್ಧ ಗಂಟೆ ವಾದ ಮಾಡಿದರು. ಜಗಳ ಅನ್ನಿಸಲಿಲ್ಲ, ಪ್ರಾಜೆಕ್ಟ್ ಶುರುವಾದ ಮೇಲೆ ಕೆರೆಯ ಬಗ್ಗೆ ನಾವು ಮಾತಾಡಿದ್ದು ಅದೇ ಮೊದಲು. ಜೊಂಡು ಮುಚ್ಚಿದ ನೀರನ್ನು ಮೂರನೇ ವರ್ಗ ಮಾಡಿ ಬೇರೆಯಾಗಿ ತೋರಿಸುತ್ತೇವೆ.

ಗೈಡ್ ಹತ್ತಿರ ಐವರೂ ಹೋಗಿಬಂದೆವು. ಒಂದು ಪ್ರಶ್ನೆ ಉಳಿದಿದೆ: 1000ದ ವಿಷಯ ವರದಿಯಲ್ಲಿ ಬರೆಯಬೇಕೇ? ತಿದ್ದಿದ ಮೇಲೂ ನಮ್ಮ ತಪ್ಪನ್ನು ತೋರಿಸಿಕೊಂಡ ಹಾಗಾಗುವುದಿಲ್ಲವೇ?

ಪಾಠ_ಹೇಳುವಾಕೆ

ಬರೆಯಿರಿ. ತಿದ್ದುವ ಮುಂಚಿನ ನಕ್ಷೆ, ತಿದ್ದಿದ ನಕ್ಷೆ ಎರಡನ್ನೂ ಅಕ್ಕಪಕ್ಕ ಹಾಕಿ. ಮುಂದಿನ ವರ್ಷ ಇದೇ ಕೆಲಸಕ್ಕೆ ಕೂರುವ ಗುಂಪಿಗೆ ಅದು ಬೇಕು. ವಿಧಾನದ ಅಧ್ಯಾಯವನ್ನು ನೀವೊಬ್ಬರೇ ಬರೆಯಬೇಡಿ, ಸೂಚ್ಯಂಕ ಮಾಡಿದವರೂ ಚಿತ್ರ ಇಳಿಸಿದವರೂ ಸೇರಿ ಆ ಭಾಗ ಬರೆಯಲಿ.

ಫೀಲ್ಡ್_ನೋಟ್ಸ್

ಜೊಂಡಿನ ಆ ಒಂಬತ್ತು ಜಾಗಕ್ಕೆ ಮತ್ತೊಮ್ಮೆ ಹೋಗಿಬನ್ನಿ, ಸಾಧ್ಯವಾದರೆ ಚಿತ್ರ ತೆಗೆದ ತಿಂಗಳಲ್ಲೇ. ಉದ್ದನೆಯ ಕೋಲು ಒಯ್ಯಿರಿ, ಬುಡದಲ್ಲಿ ನೀರಿದೆಯೋ ಕೆಸರೋ ಗೊತ್ತಾಗುತ್ತದೆ.

ದಕ್ಷಿಣ_ಭಾಗ

ನಾಳೆ ಬೆಳಿಗ್ಗೆ ನಾವು ಮೂವರು ಹೋಗುತ್ತಿದ್ದೇವೆ, ಕೋಲು ಸಿಕ್ಕಿದೆ.

ಪದರ_ಜೋಡಣೆ, ದಕ್ಷಿಣದ ಹೊಸ ಫೈಲ್ ಹಾಕಿದ್ದೇನೆ. ಮಾರ್ಚ್‌ನದೇ ಇನ್ನೊಂದು ಚಿತ್ರ ಸಿಕ್ಕಿತು, ಮೋಡವಿಲ್ಲ. ಯುಟಿಎಂಗೆ ರೀಪ್ರೊಜೆಕ್ಟ್ ಮಾಡಿದ್ದೇನೆ, ದಿನಾಂಕದ ಕಾಲಂ ಇದೆ. ನೀನು ಇವತ್ತು ತೆರೆಯಬೇಡ, ಮಲಗು. ಉತ್ತರದವಳು ತಾಳೆ ನೋಡುತ್ತಾಳೆ.